ಗುರುತಿಲ್ಲದೆ ಉಳಿದ ಒಂದು ಚಿಂದಿ

ಗುರುತಿಲ್ಲದ ಬಟ್ಟೆ ಕೈಗೆ ಬಂದರೆ ನನಗೆ ಈಗಲೂ ಒಂದು ಕ್ಷಣ ಎದೆ ಝಲ್ಲೆನ್ನುತ್ತದೆ. ಬಟ್ಟೆ ಕೆಲಸ ಮಾಡುವವರಿಗೆ ಮಾತ್ರ ಈ ಭಯ ಗೊತ್ತು. ಇಸ್ತ್ರಿ ತಾಗಿ ಸುಟ್ಟರೆ ತಪ್ಪಾಯಿತು ಅನ್ನಬಹುದು, ಹರಿದರೆ ರಫೂ ಮಾಡಿಸಿ ಕೊಡಬಹುದು. ಯಾರದೆಂದೇ ತಿಳಿಯದ ಅಂಗಿಯನ್ನು ಏನು ಮಾಡುವುದು? ಶಿವಾಜಿನಗರದಲ್ಲಿ ನಾನು ಕೆಲಸ ಕಲಿತ ಲಾಂಡ್ರಿಯ ಯಜಮಾನರು ತಮಿಳಿನವರು. ಇಂಥ ಬಟ್ಟೆ ಸಿಕ್ಕ ದಿನ ಅವರು ಊಟಕ್ಕೂ ಏಳುತ್ತಿರಲಿಲ್ಲ. ಮೊದಲು ಗುರುತು, ಆಮೇಲೆ ಸೋಪು ಎನ್ನುವುದು ಅವರ ವೇದವಾಕ್ಯ.

ನಾನು ಯಾದಗಿರಿ ಕಡೆಯವನು. ಆರನೇ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟು, ಕಟ್ಟಡದ ಕೆಲಸಕ್ಕೆ ಹೊರಟ ಅಪ್ಪ ಅವ್ವನ ಬೆನ್ನಿಗೆ ಬೆಂಗಳೂರಿಗೆ ಬಂದೆ. ಶಾಲೆ ಬಿಟ್ಟದ್ದಕ್ಕೆ ನಾಚಿಕೆ ಪಟ್ಟವನಲ್ಲ. ಕೈಕೆಲಸ ಕಲಿತೆ, ಚೆನ್ನಾಗಿ ಕಲಿತೆ. ಕಾಂಜೀವರಂ ಸೀರೆಯ ಜರಿ ಕಪ್ಪಾಗದ ಹಾಗೆ ಇಸ್ತ್ರಿ ಮಾಡುವವರು ಈ ಕಡೆ ಎಷ್ಟು ಜನ ಇದ್ದಾರೆ ಎಂದು ಯಾರು ಬೇಕಾದರೂ ವಿಚಾರಿಸಿ ನೋಡಲಿ. ಗುರುತು ಹಾಕುವುದನ್ನೂ ಆ ಯಜಮಾನರೇ ಕಲಿಸಿದರು. ಕಾಲರಿನ ಒಳಗೆ ಬಣ್ಣದ ಗೀಟು. ಮೊದಲನೇ ಬಣ್ಣ ರಸ್ತೆ, ಎರಡನೆಯದು ಮನೆ, ಮೂರನೆಯದು ಮನೆಯೊಳಗಿನವರು. ಕೆಂಪು ಮೊದಲು ಹಸಿರು ಆಮೇಲೆ ಬಂದರೆ ಒಂದು ಮನೆ; ಹಸಿರು ಮೊದಲು ಕೆಂಪು ಆಮೇಲೆ ಬಂದರೆ ಅದು ಬೇರೆ ರಸ್ತೆಯ ಬೇರೆ ಮನೆ. ಕಣ್ಣಿಗೂ ಕೈಗೂ ಇದು ಎಷ್ಟು ಒಗ್ಗಿಹೋಗಿದೆ ಎಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುವುದಿಲ್ಲ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಅಭ್ಯಾಸವೇ ಒಂದು ಮಧ್ಯಾಹ್ನ ಒಬ್ಬರ ಇಡೀ ಜೀವಮಾನದ ನಂಬಿಕೆಯನ್ನು ಉಳಿಸಿಬಿಟ್ಟಿತ್ತು, ಸುಳ್ಳಾಗಿ.

ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಗೋಡೆಗೆ ತಾಗಿಕೊಂಡಂತೆ ನನ್ನ ಇಸ್ತ್ರಿ ಗಾಡಿ ಬಹಳ ವರ್ಷದಿಂದ ನಿಂತಿತ್ತು. ಆ ಮನೆಯಲ್ಲಿ ಒಬ್ಬರೇ ಇದ್ದವರು ಅಮ್ಮಾವರು, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಫುಟ್‌ಪಾತ್ ಅಗಲ ಮಾಡಲು ಬಂದವರು ನನ್ನ ಗಾಡಿ ತೆಗೆಸಿದ ದಿನ, ಅವರು ಗೇಟು ತೆರೆದುಕೊಂಡು ಹೊರಗೆ ಬಂದು, "ಒಳಗೆ ತಳ್ಕೊಂಡು ಬನ್ನಿ, ಹೊಂಗೆ ಮರ ನಂದೇ, ನೆರಳಿಗೆ ಯಾರ ಪರ್ಮಿಷನ್ನೂ ಬೇಕಿಲ್ಲ" ಅಂದರು. ಬೀದಿಯ ಮಕ್ಕಳೂ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದ ಕಾಲ ಅದು. ನೆರಳಿಗಿಂತ ಆ 'ಬನ್ನಿ' ನನಗೆ ಹೆಚ್ಚು ತಂಪಾಯಿತು. ಬಾಡಿಗೆ ಬೇಡವೆಂದಾಗ, ಹಾಗಾದರೆ ನಿಮ್ಮ ಬಟ್ಟೆಗೆ ಕಾಸು ಮುಟ್ಟುವುದಿಲ್ಲ ಎಂದು ನಾನೂ ಖಡಕ್ಕಾಗಿ ಹೇಳಿದೆ. ಇಬ್ಬರಿಗೂ ಸರಿಹೋಯಿತು.

ನಾಲ್ಕೈದು ವರ್ಷದಿಂದ ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದು ಒಳಗಿನ ಪರದೆಯದೇ ತೊಂದರೆ. ನೇರ ನೋಡಿದ್ದು ಕಾಣದು, ಅಂಚಿನಲ್ಲಿದ್ದದ್ದು ಅಷ್ಟಿಷ್ಟು ಕಾಣುತ್ತದೆ ಎನ್ನುತ್ತಿದ್ದರು. ಓದುವುದು ಬರೆಯುವುದು ನಿಂತಿತು. ಭಾನುವಾರಕ್ಕೊಮ್ಮೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಫೋನ್ ಮಾಡಿ ಗಣಿತದ ಸುದ್ದಿ ಓದಿ ಹೇಳುತ್ತಿದ್ದರು. ಆಕೆಯೂ ಈಗ ಅದೇ ಕಾಲೇಜಿನಲ್ಲಿ ಮೇಷ್ಟ್ರು.

ಅಂಥ ಒಂದು ಭಾನುವಾರದ ಮಾರನೆಯ ದಿನ ಅಮ್ಮಾವರು ವರಾಂಡದಲ್ಲಿ ಕಾಫಿ ಮುಟ್ಟದೆ ಕೂತಿದ್ದರು. ಮೈ ಸರಿಯಿಲ್ಲವೇ ಎಂದೆ. ಮೈಗೇನೂ ಇಲ್ಲ, ನಾನು ಇಲ್ಲವೆಂದುಕೊಂಡಿದ್ದ ಒಂದು ವಸ್ತು ಇದೆಯಂತೆ ಎಂದರು. ದೆವ್ವವೋ ದೇವರೋ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಗಾಡಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ವಿವರಿಸಿದರು. ನನಗೆ ದಕ್ಕಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಒಂದು ವಸ್ತುವನ್ನು ಸರಿಸುವುದು, ತಿರುಗಿಸುವುದು ಎಲ್ಲ ಒಂದೊಂದು ನಡೆ. ಪ್ರತಿ ನಡೆಗೂ ಅದನ್ನು ರದ್ದು ಮಾಡುವ ಹಿನ್ನಡೆ ಒಂದಿರುತ್ತದೆ. ಬಲಕ್ಕೆ ಸರಿಸಿದ್ದನ್ನು ಅಷ್ಟೇ ಎಡಕ್ಕೆ ಸರಿಸಿದರೆ ಇದ್ದ ಹಾಗೇ ಆಯಿತು. ಇಂಥ ನಡೆಗಳ ಕುಟುಂಬಕ್ಕೆ ಗ್ರೂಪ್ ಎಂದು ಹೆಸರು. ಈಗ ಒಂದೇ ನಡೆಯಲ್ಲ, ಹಲವು ನಡೆಗಳನ್ನು ಕೂಡಿಸಿ ಒಂದು ಗಂಟು ಕಟ್ಟಿಕೊಳ್ಳಿ. ಅಂಥ ಗಂಟುಗಳ ಲೋಕ ಗ್ರೂಪ್ ರಿಂಗ್. ಗಂಟಿಗೆ ಗಂಟನ್ನು ಗುಣಿಸುವುದೆಂದರೆ ಈ ಗಂಟಿನ ಒಂದೊಂದರ ಜೊತೆಗೂ ಆ ಗಂಟಿನ ಒಂದೊಂದನ್ನು ಸೇರಿಸುವುದು. ಅಮ್ಮಾವರು ಹೇಳಿದ ಲೆಕ್ಕದಲ್ಲಿ ಒಂದು ಕಟ್ಟಳೆ ಇತ್ತು. ಒಂದೇ ಉತ್ತರ ಎರಡು ಸಲ ಬಂದರೆ ಎರಡೂ ಅಳಿಸಿಹೋಗುತ್ತವೆ, ದೀಪದ ಸ್ವಿಚ್ಚನ್ನು ಎರಡು ಸಲ ಒತ್ತಿದ ಹಾಗೆ. ಜೋಡಿಗಳೆಲ್ಲ ಹೋದ ಮೇಲೆ 'ಇದ್ದ ಹಾಗೇ' ಅನ್ನುವುದೊಂದೇ ಉಳಿದರೆ, ಒಂದು ಗಂಟನ್ನು ಇನ್ನೊಂದು ಗಂಟು ಬಿಚ್ಚಿತು ಎಂದು ಅರ್ಥ. ಹಾಗೆ ಬಿಚ್ಚಲು ಬರುವ ಗಂಟೇ ಯೂನಿಟ್. ಯೂನಿಟ್ ಅಂದರೆ ನನಗೆ ಅಲ್ಲಿಯವರೆಗೆ ಕರೆಂಟ್ ಬಿಲ್ಲಿನದು ಮಾತ್ರ ಗೊತ್ತಿತ್ತು.

ಒಂದೇ ನಡೆ ಇರುವ ಗಂಟನ್ನು ಬಿಚ್ಚುವುದು ದೊಡ್ಡ ಮಾತಲ್ಲ. ಹಲವು ನಡೆಗಳ ಗಂಟು ಬಿಚ್ಚಬಹುದೇ ಎಂಬುದು ಪ್ರಶ್ನೆ. ಎಷ್ಟು ಸಲ ಮಾಡಿದರೂ ಹೊರಟ ಜಾಗಕ್ಕೆ ಮರಳದ ನಡೆಗಳೇ ತುಂಬಿರುವ ಗ್ರೂಪಿನಲ್ಲಿ ಅದು ಸಾಧ್ಯವಿಲ್ಲ ಎಂದು ತುಂಬಾ ಕಾಲದಿಂದ ಹಲವರು ನಂಬಿದ್ದರಂತೆ. ಅಮ್ಮಾವರು ತಮ್ಮ ಪಿಎಚ್‌ಡಿಯಲ್ಲಿ ಕೆಲವು ಬಗೆಯ ಗ್ರೂಪುಗಳಲ್ಲಿ ಅದು ಸಾಧ್ಯವಿಲ್ಲವೆಂದೇ ಸಾಧಿಸಿ ತೋರಿಸಿದ್ದರು. ಮಿಕ್ಕಿದ್ದಕ್ಕೂ ಅದು ನಿಜವೇ ಇರಬೇಕು, ಯಾರಾದರೂ ಒಂದು ದಿನ ತೋರಿಸುತ್ತಾರೆ ಎಂದು ಕಾದಿದ್ದರು. ಈಗ ನೋಡಿದರೆ, ಹೊರದೇಶದಲ್ಲಿ ಯಾರೋ ಕೆಲವು ವರ್ಷದ ಹಿಂದೆಯೇ ಅಂಥ ಒಂದು ಗಂಟನ್ನೂ ಅದನ್ನು ಬಿಚ್ಚುವ ಗಂಟನ್ನೂ ಹುಡುಕಿ ಮುಂದಿಟ್ಟಿದ್ದಾರೆ. ಅಮ್ಮಾವರ ಮನಸ್ಸಿಗೆ ನೋವಾದೀತೆಂದು ಆ ವಿದ್ಯಾರ್ಥಿನಿ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಬಿಡಲೇಬೇಕಾಯಿತು. ಕಾಲೇಜಿನಲ್ಲಿ ಇದೇ ವಿಷಯದ ಬಗ್ಗೆ ಅಮ್ಮಾವರು ಬಂದು ಮಾತಾಡಬೇಕು ಎಂದು ಹುಡುಗಿಯರು ಕೇಳುತ್ತಿದ್ದರು.

"ಬಾಯಿ ಮಾತು ಕೇಳ್ಕೊಂಡು ಹೋಗಿ ಹೇಳಕ್ಕೆ ನಾನೇನು ಪೋಸ್ಟ್‌ಮ್ಯಾನಾ?" ಅಂದರು ಅಮ್ಮಾವರು. "ನಾನೇ ಗುಣಿಸಿ ನೋಡ್ಬೇಕು. ಇರೋ ಇಷ್ಟು ಬೆಳಕೂ ಹೋಗೋದ್ರೊಳಗೆ ನೋಡ್ಬೇಕು. ಆಗ್ಲಿಲ್ಲಾಂದ್ರೆ ಆ ವೇದಿಕೆ ಹತ್ತಲ್ಲ."

ಕಂಪ್ಯೂಟರಿನಲ್ಲಿ ಒಂದು ಗಳಿಗೆಯ ಕೆಲಸವೆಂದು ವಿದ್ಯಾರ್ಥಿನಿ ಹೇಳಿದ್ದರಂತೆ. ಕಂಪ್ಯೂಟರಿಗೆ ಗೊತ್ತಾದರೆ ಕಂಪ್ಯೂಟರಿಗೆ ಗೊತ್ತಾಯಿತು, ನನಗೆ ಗೊತ್ತಾಗುವುದು ಯಾವಾಗ ಎಂದು ಇವರ ಹಟ. ಆ ಹಟ ನನಗೆ ಅರ್ಥವಾಯಿತು. ಬೇರೆಯವರು ಮಡಿಸಿದ ಬಟ್ಟೆಯನ್ನು ನಾನೂ ಬಿಚ್ಚಿ ಮತ್ತೆ ಮಡಿಸುವವನೇ.

ಒಂದೊಂದು ಗಂಟಿನಲ್ಲಿ ಇಪ್ಪತ್ತೊಂದು ನಡೆ. ಇಪ್ಪತ್ತೊಂದನ್ನು ಇಪ್ಪತ್ತೊಂದರಿಂದ ಗುಣಿಸಿದರೆ ನಾನೂರ ನಲವತ್ತೊಂದು ಉತ್ತರ. ಲೆಕ್ಕ ಅವರ ತಲೆಯಲ್ಲಿ ನಡೆಯುತ್ತದೆ, ಆದರೆ ಅಷ್ಟು ಉತ್ತರಗಳನ್ನು ಹಿಡಿದಿಟ್ಟು ಜೋಡಿ ಮಾಡಲು ಕಣ್ಣು ಬೇಕು. ಜೋಡಿ ಮಾಡುವುದು ನನ್ನ ಕಸುಬು ಎಂದೆ. ಮಧ್ಯಾಹ್ನ ಊಟವಾದ ಮೇಲೆ ಇದ್ದಿಲು ತಣ್ಣಗಿರುವ ಹೊತ್ತಿನಲ್ಲಿ ಕೂರುತ್ತೇನೆ, ಕೆಲಸ ಬಿಟ್ಟು ಕೂರುವುದಿಲ್ಲ ಎಂದೂ ಹೇಳಿದೆ. ಅವರು, "ಅದೇ ಸರಿ, ನಂದೂ ನಿದ್ದೆ ಟೈಮು, ತಪ್ಪಿಸ್ಕೋಬಹುದು" ಅಂದರು.

ಗುರುತಿನ ಏರ್ಪಾಟು ಇಬ್ಬರೂ ಸೇರಿ ಮಾಡಿದೆವು. ಬಿಳಿ ಪಂಚೆಯೊಂದನ್ನು ಕತ್ತರಿಸಿ ಅಂಗೈಯಗಲದ ಚಿಂದಿಗಳನ್ನು ಮಾಡಿಕೊಂಡೆ. ಆ ಗ್ರೂಪಿನಲ್ಲಿ ಬರೀ ಸರಿಯುವ ನಡೆ ಮೂರು ದಿಕ್ಕಿನವು: ಪಕ್ಕಕ್ಕೆ, ಮುಂದಕ್ಕೆ, ಮೇಲಕ್ಕೆ. ಅವಕ್ಕೆ ಕೆಂಪು, ಹಸಿರು, ನೀಲಿ ಗೀಟು. ನಡೆಗೆ ನಿಂತ ಗೀಟು, ಹಿನ್ನಡೆಗೆ ಮಲಗಿದ ಗೀಟು. ಇವಲ್ಲದೆ ಸರಿಯುತ್ತಾ ಮಗುಚಿಕೊಳ್ಳುವ ನಡೆಗಳೂ ಇದ್ದವು. ಆ ಮಗುಚುವಿಕೆಯನ್ನು ಚಿಂದಿಯ ಮೂಲೆ ಕತ್ತರಿಸಿ ತೋರಿಸುವುದೆಂದು ಅಮ್ಮಾವರೇ ಹೇಳಿದರು. ಎಡಮೂಲೆ, ಬಲಮೂಲೆ, ಎರಡೂ, ಇಲ್ಲವೇ ಯಾವುದೂ ಇಲ್ಲ. ಹಾಗಾದರೆ ಬೆರಳಲ್ಲಿ ಮುಟ್ಟಿಯೇ ಅವರು ನಾಲ್ಕು ಗುಡ್ಡೆ ಮಾಡಬಹುದು. ಯಾವ ಗೀಟೂ ಇಲ್ಲದ, ಯಾವ ಮೂಲೆಯೂ ಕತ್ತರಿಸದ ಚಿಂದಿ ಎಂದರೆ 'ಇದ್ದ ಹಾಗೇ'. ಗುರುತಿಲ್ಲದ ಬಟ್ಟೆ ನನಗೆ ಆಗಿಬರುವುದಿಲ್ಲ ಎಂದೆ. ಈ ಲೆಕ್ಕದಲ್ಲಿ ಅದೇ ರಾಜ ಎಂದರು.

ಹೀಗೆ ಶುರುವಾಯಿತು. ಹೊಂಗೆ ಮರದ ಕೆಳಗೆ ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿ ಹೇಳುವುದು, ನಾನು ಇಸ್ತ್ರಿ ಮೇಜಿನ ಮೇಲೆ ಗೀಟು ಎಳೆಯುವುದು. ಮೂಲೆ ಇದ್ದರೆ ಕತ್ತರಿ. ಒಮ್ಮೊಮ್ಮೆ ಅವರು ಮಧ್ಯದಲ್ಲಿ ನಿಲ್ಲಿಸಿ, ಮಗುಚಿದ ಮೇಲೆ ಹಸಿರು ತಿರುಗಿಕೊಳ್ಳುತ್ತದೆ ಎಂದು ತಮಗೇ ಹೇಳಿಕೊಂಡು, ಮತ್ತೆ ಮೊದಲಿಂದ ಹಾಕುತ್ತಿದ್ದರು. ಪಕ್ಕದ ಮನೆಗೆ ನೀರಿನ ಕ್ಯಾನು ಹಾಕುವವನು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಗುರು, ಚಿಂದಿ ವ್ಯಾಪಾರ ಹಿಡ್ದ್ಯಾ?" ಎಂದು ಕೇಳಿದ. ಪಿಎಚ್‌ಡಿ ಮಾಡ್ತಿದ್ದೀನಿ ಎಂದೆ. ಅವನು ನಕ್ಕುಕೊಂಡು ಹೋದ. ಮನೆಯಲ್ಲಿ ನನ್ನ ಹೆಂಡತಿಯೂ ಬಿಡುತ್ತಿರಲಿಲ್ಲ. ಹಲಸೂರಿನ ನಮ್ಮ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಾ, "ಏನ್ರಿ ಮಾಸ್ತರ, ಇವತ್ತ್ ಎಷ್ಟ್ ಅರಿವಿ ಲೆಕ್ಕ ಆದ್ವು?" ಎಂದು ಕೆಣಕುತ್ತಿದ್ದಳು. ಊರು ಬಿಟ್ಟು ಇಷ್ಟು ವರ್ಷವಾದರೂ ಅವಳ ಮಾತಿಗೆ ಬೆಂಗಳೂರಿನ ನೀರು ತಾಗಿಲ್ಲ, ಬಟ್ಟೆ ಅವಳಿಗೆ ಈಗಲೂ ಅರಿವಿಯೇ.

ಚಿಂದಿಗಳೆಲ್ಲ ಮುಗಿದ ದಿನ ವರಾಂಡದ ನೆಲ ಒರೆಸಿ, ಅಮ್ಮಾವರು ಮುಟ್ಟಿ ಮಾಡಿದ ನಾಲ್ಕು ಗುಡ್ಡೆಗಳನ್ನು ಹರಡಿಕೊಂಡು ಕೂತೆ. ಒಂದೇ ಗುರುತಿನ ಎರಡು ಕಂಡರೆ ಬುಟ್ಟಿಗೆ. ಲಾಂಡ್ರಿಯಲ್ಲಿ ಲಾಡ್ಜಿನ ದಿಂಬಿನ ಚೀಲ ಜೋಡಿ ಮಾಡಿದ ಕೈ ಇದು, ಸರಸರನೆ ನಡೆಯಿತು. ಅಮ್ಮಾವರು ಕುರ್ಚಿಯ ತುದಿಯಲ್ಲಿ ಕೂತು, ಬುಟ್ಟಿಗೆ ಬಟ್ಟೆ ಬೀಳುವ ಸದ್ದನ್ನೇ ಕೇಳುತ್ತಿದ್ದರು.

ಕೊನೆಗೆ ನೆಲದ ಮೇಲೆ ಉಳಿಯಬೇಕಿದ್ದದ್ದು ಒಂದೇ ಒಂದು ಬಿಳಿ ಚಿಂದಿ. ಬಹಳ ಉಳಿದವು. ಎರಡು ಹಿಡಿ ತುಂಬ ಉಳಿದವು.

ಇನ್ನೊಮ್ಮೆ ನೋಡಿ ಎಂದರು. ನೋಡಿದೆ. ಒಂದಕ್ಕೂ ಜೋಡಿ ಇರಲಿಲ್ಲ. ಜೋಡಿ ಮಾಡುವುದರಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಅದು ನನಗೆ ಗೊತ್ತು ಎಂದರು ಅಮ್ಮಾವರು. ಆಮೇಲೆ ಅವರ ಮುಖದಲ್ಲಿ ಒಂದು ಬದಲಾವಣೆ ಕಂಡೆ. ಹೆಗಲಿನಿಂದ ಮೂಟೆ ಇಳಿಸಿದವರ ಹಾಗೆ ಹಿಂದಕ್ಕೆ ಒರಗಿದರು. ಗಂಟು ಬಿಚ್ಚಲಿಲ್ಲ. ಇಲ್ಲವೆಂದು ನಂಬಿದ್ದು ಇಲ್ಲವೇ ಆಯಿತು. ನಮ್ಮ ತಲೆಗಿಂತ ದೊಡ್ಡ ತಲೆಗಳೂ ಎಡವುತ್ತವೆ ಎಂದು ಮೆಲ್ಲಗೆ ಹೇಳಿ ಕಾಫಿ ಕೇಳಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವರ ಪರವಾಗಿ ಗೆದ್ದೆ ಅನ್ನಿಸಿತು. ಒಳಗೆ ಹೋಗಿ ನಾನೇ ಕಾಫಿ ಬೆರೆಸಿಕೊಂಡು ಬಂದೆ.

ಅರ್ಧ ಲೋಟ ಕುಡಿದಿದ್ದರು. ಲೋಟ ಕೆಳಗಿಟ್ಟು ಕೇಳಿದರು, "ಉಳಿದಿದ್ದಾವಲ್ಲ, ಅವನ್ನ ಒಂದೊಂದಾಗಿ ಓದಿ."

ಇನ್ನು ಯಾಕಮ್ಮಾ, ಮುಗೀತಲ್ಲ ಎಂದೆ. "ನನಗೆ ಬೇಕಾದ ಉತ್ತರ ಬಂತಲ್ಲ, ಅದಕ್ಕೇ ಓದಿ" ಎಂದರು.

ಓದಿದೆ. ಒಂದು ಕೆಂಪು ನಿಂತದ್ದು, ಒಂದು ಹಸಿರು ಮಲಗಿದ್ದು. ಮುಂದಿನದು ನೀಲಿ ಎರಡು. ಅದರ ಮುಂದಿನದು ಒಂದು ಹಸಿರು ಮಲಗಿದ್ದು, ಒಂದು ಕೆಂಪು ನಿಂತದ್ದು. ಅಮ್ಮಾವರು ಕೈ ಎತ್ತಿ ನಿಲ್ಲಿಸಿದರು. ಮೊದಲನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು, ಇಷ್ಟು ಓದಿದವರಿಗೆ ಇದೂ ತಿಳಿಯದೇ ಎಂದು. ಅದರಲ್ಲಿ ಕೆಂಪು ಮೊದಲು, ಇದರಲ್ಲಿ ಹಸಿರು ಮೊದಲು, ಅದೊಂದು ರಸ್ತೆ ಇದೊಂದು ರಸ್ತೆ ಎಂದೆ. ನನ್ನ ಕಾಲರಿನ ಗುರುತಿನ ಪದ್ಧತಿಯನ್ನು ವಿವರಿಸಿದೆ.

ಅಮ್ಮಾವರು ಅರ್ಧ ಉಳಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಅವರು ಸುಮ್ಮನಿದ್ದುಬಿಡಬಹುದಿತ್ತು. ಆ ವರಾಂಡದಲ್ಲಿ ಇದ್ದವನು ನಾನೊಬ್ಬ, ನನಗೆ ಏನೂ ತಿಳಿಯುತ್ತಿರಲಿಲ್ಲ. ಆ ಗಳಿಗೆಯನ್ನು ಈಗ ನೆನೆದರೂ ನನಗೆ ಅವರ ಮೇಲೆ ಗೌರವ ಉಕ್ಕಿಬರುತ್ತದೆ.

"ಎದ್ದು ನಿಂತ್ಕೊಳ್ಳಿ" ಎಂದರು. ನಿಂತೆ. "ಬಲಕ್ಕೆ ಒಂದು ಹೆಜ್ಜೆ ಇಡಿ. ಆಮೇಲೆ ಮುಂದಕ್ಕೆ ಒಂದು. ಎಲ್ಲಿದ್ದೀರಾ?"

ಕಂಬದ ಪಕ್ಕ ಎಂದೆ.

"ವಾಪಸ್ ಬನ್ನಿ. ಈಗ ಮುಂದಕ್ಕೆ ಮೊದಲು, ಆಮೇಲೆ ಬಲಕ್ಕೆ."

ಮತ್ತೆ ಅದೇ ಕಂಬದ ಪಕ್ಕದಲ್ಲಿ ನಿಂತಿದ್ದೆ.

"ಬರೀ ಸರಿಯೋದ್ರಲ್ಲಿ ಯಾವುದು ಮೊದಲಾದ್ರೂ ಒಂದೇ ಕಣ್ರೀ. ಮಗುಚೋದು ಸೇರಿದಾಗ ಮಾತ್ರ ಹಿಂದುಮುಂದು ನೋಡ್ಬೇಕು, ಅದನ್ನ ನಾನೇ ತಲೇಲಿ ಸರಿಮಾಡಿ ಹೇಳ್ತಿದ್ದೆ. ಬಣ್ಣಗಳನ್ನ ಮಾತ್ರ ಬಾಯಿಗೆ ಬಂದ ಹಾಗೆ ಹೇಳ್ಬಿಟ್ಟೆ. ನಿಮಗೆ ಹೇಳಿರ್ಲಿಲ್ಲ ನಾನು. ಇದು ನನ್ನ ತಪ್ಪು."

ನನ್ನ ತಪ್ಪು ಎಂದು ಅವರೇ ಅಂದುಬಿಟ್ಟ ಮೇಲೆ ನನ್ನ ಬಿಗುಮಾನ ಎಲ್ಲಿ ನಿಲ್ಲುತ್ತದೆ. ಈಗಲೇ ಮತ್ತೆ ಜೋಡಿ ಮಾಡುತ್ತೇನೆ ಎಂದು ಬುಟ್ಟಿಯನ್ನೂ ಸುರಿದು, ಅಮ್ಮಾವರಿಂದ ಮತ್ತೆ ನಾಲ್ಕು ಗುಡ್ಡೆ ಮಾಡಿಸಿಕೊಂಡು, ಮೊದಲಿನಿಂದ ಕೂತೆ. ಗೇಟಿನಲ್ಲಿ ಯಾರೋ ಶರಟು ಕೇಳಲು ಬಂದರು, ನಾಳೆ ಬನ್ನಿ ಎಂದು ಕಳಿಸಿದೆ. ಕೆಲಸ ಬಿಟ್ಟು ಕೂರುವುದಿಲ್ಲ ಎಂದವನು ನಾನೇ.

ಈ ಸಲ ಬಣ್ಣದ ಸರದಿಯನ್ನು ನೋಡದಿರಲು ಕಣ್ಣಿಗೆ ಬುದ್ಧಿ ಹೇಳಬೇಕಾಯಿತು. ಕೆಂಪು ಹಸಿರಿಗೆ ಹಸಿರು ಕೆಂಪು, ಹೋಯಿತು. ನೀಲಿ ಎರಡಕ್ಕೆ ಜೋಡಿ ಸಿಗದೆ ಕಸಿವಿಸಿಯಾಯಿತು. ಆ ಗುಡ್ಡೆಯನ್ನು ಒಂದೊಂದೇ ಎತ್ತಿ ನೋಡಿದರೆ, ಎರಡು ನೀಲಿಯ ನಡುವೆ ಒಂದು ನಿಂತ ಕೆಂಪು, ಒಂದು ಮಲಗಿದ ಕೆಂಪು ಇದ್ದ ಚಿಂದಿಯೊಂದಿತ್ತು. ಅಮ್ಮಾವರಿಗೆ ಓದಿದೆ. ಪಕ್ಕಕ್ಕೆ ಹೋಗಿ ವಾಪಸ್ ಬಂದ ಕೆಂಪು ಇದ್ದೂ ಇಲ್ಲದ ಹಾಗೆ, ಅದನ್ನು ಕಳೆಯದೆ ಹೇಳಿಬಿಟ್ಟಿದ್ದೆ ಎಂದರು. ಎರಡೂ ಬುಟ್ಟಿಗೆ ಹೋದವು. ಮೂಲೆ ಕತ್ತರಿಸಿದ ಮೂರೂ ಗುಡ್ಡೆಗಳು ನೆಲ ಕಾಣುವವರೆಗೆ ಖಾಲಿಯಾದವು. ನಾಲ್ಕನೆಯದರಲ್ಲಿ ಗೀಟಿದ್ದವೆಲ್ಲ ಜೋಡಿಯಾಗಿ ಹೋದವು. ಬರೀ ಬಿಳಿಯವು ಉಳಿದವು. ಅವೂ ಒಂದಲ್ಲ, ಹತ್ತಕ್ಕೂ ಮೇಲಿದ್ದವು. ಅವನ್ನೂ ಎರಡೆರಡಾಗಿ ಬುಟ್ಟಿಗೆ ಹಾಕುತ್ತಾ ಬಂದೆ.

ನೆಲದ ಮೇಲೆ ಒಂದು ಬಿಳಿ ಚಿಂದಿ ಉಳಿಯಿತು.

ನಾನು ಅದನ್ನು ಅವರ ಕೈಗೆ ಕೊಟ್ಟೆ. ಅವರು ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

"ಬಣ್ಣ?"

"ಇಲ್ಲಮ್ಮಾ."

"ನೆಲದ ಮೇಲೆ?"

"ಏನೂ ಇಲ್ಲಮ್ಮಾ. ಇದೊಂದೇ."

ಅವರ ಕಣ್ಣಲ್ಲಿ ನೀರು ಬಂತು. ಸೋತರಲ್ಲ ಎಂದು ನನಗೆ ಸಂಕಟವಾಗಿ, ಕ್ಷಮಿಸಿ ಅಮ್ಮಾ ಎಂದುಬಿಟ್ಟೆ. ಅವರು ನಗಲು ಶುರುಮಾಡಿದರು. ಹುಡುಗಿಯ ಹಾಗೆ ನಕ್ಕರು. ಯಾಕೆ ಕ್ಷಮೆ, ಇಷ್ಟು ಚಂದದ್ದನ್ನು ನೋಡದೆ ಸಾಯುತ್ತಿದ್ದೆನಲ್ಲ ಎಂದರು. ತಾವು ಸಾಧಿಸಿದ್ದು ಹಾಳಾಗಿಲ್ಲ ಎಂದೂ ವಿವರಿಸಿದರು. ಅವರು ಬೇಲಿ ಹಾಕಿಕೊಂಡು ಹುಡುಕಿದ ಹೊಲಗಳಲ್ಲಿ ಇದು ನಿಜವಾಗಿಯೂ ಇರಲಿಲ್ಲ. ಬೇಲಿಯ ಆಚೆ ಇತ್ತು. ಆಚೆಯೂ ಇರಲಿಕ್ಕಿಲ್ಲ ಎಂದುಕೊಂಡದ್ದು ಬರೀ ಆಸೆ. ಆಸೆ ಹೋಯಿತು, ಕೆಲಸ ಉಳಿಯಿತು ಎಂದು ಹೇಳಿ, ಆ ಚಿಂದಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, ನೇರ ನೋಡಿದರೆ ಕಾಣದಾದ್ದರಿಂದ ಒಂಚೂರು ಪಕ್ಕಕ್ಕೆ ನೋಡುತ್ತಾ, ಬೂದುಬಣ್ಣದ ರೇಷ್ಮೆ ಸೀರೆಗೆ ಇಸ್ತ್ರಿ ಆಗಬೇಕು ಎಂದರು. ಕಾಲೇಜಿಗೆ ಉಡಲು.

ಆ ಸೀರೆಯನ್ನು ನಾನು ಎಷ್ಟು ಜತನದಿಂದ ಇಸ್ತ್ರಿ ಮಾಡಿದೆ ಎಂದು ಹೇಳಿದರೆ ಜಂಬವಾದೀತು.

ಕಾಲೇಜಿಗೆ ನನ್ನನ್ನೂ ಆಟೋದಲ್ಲಿ ಕರೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕೂತೆ. ಮಾತು ಮುಕ್ಕಾಲು ಇಂಗ್ಲಿಷ್, ನನಗೆ ಗೊತ್ತಾಗಿದ್ದು ಸ್ವಲ್ಪ. ಕೊನೆಗೆ ಒಬ್ಬ ಹುಡುಗಿ ಎದ್ದು, ನೀವು ಇಷ್ಟು ವರ್ಷ ಇಲ್ಲವೆಂದು ನಂಬಿದ್ದಿರಿ, ಈಗ ಹೇಗನ್ನಿಸುತ್ತದೆ ಎಂದು ಕನ್ನಡದಲ್ಲಿ ಕೇಳಿದಳು. ಅಮ್ಮಾವರು ಕನ್ನಡದಲ್ಲೇ ಉತ್ತರ ಕೊಟ್ಟರು.

"ಇಲ್ಲ ಅಂದ್ಕೊಂಡಿದ್ದೆ ನಾನು. ಇದೆ. ಒಂದೊಂದಾಗಿ ಜೋಡಿ ಮಾಡಿ ನೋಡಿದ್ವಿ ನಾವು."

ನಾವು ಎಂದರು. ಯಾರು ಆ ನಾವು ಎಂದು ಯಾರೂ ಕೇಳಲಿಲ್ಲ, ಅವರೂ ಬೆರಳು ಮಾಡಿ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ನಾಚಿಕೆಯಾಗುತ್ತಿತ್ತು.

ಈಗ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮಧ್ಯಾಹ್ನ ನನ್ನ ಗಾಡಿಯ ಪಕ್ಕದ ಕುರ್ಚಿ ಮಾತ್ರ ತಪ್ಪಿಲ್ಲ. ಅವರಿಂದ ನನಗೆ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ನೆರಳು ಎನ್ನುತ್ತೇನೆ, ಸುಲಭದ ಉತ್ತರ ಅದು.

ಕಾಲೇಜಿಂದ ಬಂದ ಸಂಜೆ ಹೆಂಡತಿ ತಟ್ಟೆ ಇಡುತ್ತಾ, "ಏನಂದ್ರರಿ ನಿಮ್ಮ ಅಮ್ಮಾರು ಅಷ್ಟ್ ಮಂದ್ಯಾಗ?" ಎಂದು ಕೇಳಿದಳು. ನಾವು ನೋಡಿದ್ವಿ ಅಂದ್ರು ಎಂದೆ.

ಕೆಣಕುತ್ತಾಳೆಂದು ಕಾದೆ. ಅವಳು ಬಿಸಿ ರೊಟ್ಟಿ ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದಳು. ಮಾಸ್ತರ ಎಂದು ಅವಳು ಈಗಲೂ ಕರೆಯುತ್ತಾಳೆ. ಅವತ್ತಿನಿಂದ ಕರೆಯುವ ದನಿ ಮಾತ್ರ ಬೇರೆ.